ಒಂದೇ ಬೆಡಗಿನ ಕುಂಬಳ

ಆ ವರ್ಷ ಗದಗ ಸೀಮೆಯ ಕುಂಬಳದ ಬಳ್ಳಿಗಳಿಗೆ ಯಾವುದರಲ್ಲೂ ಕೊರತೆಯಿರಲಿಲ್ಲ. ಎಲೆಗಳು ಮೊರದಗಲ ಬೆಳೆದಿದ್ದವು. ಕುಡಿಗಳು ಬದು ದಾಟಿ ಪಕ್ಕದವರ ಹೊಲಕ್ಕೆ ನುಗ್ಗಿದ್ದವು. ಹೊತ್ತು ಮೂಡುವ ಮೊದಲೇ ಹೂಗಳು ಅರಳಿ ಹೊಲವೆಲ್ಲ ಹಳದಿಯಾಗುತ್ತಿತ್ತು. ಕಾಯಿ ಮಾತ್ರ ಒಂದೂ ಇರಲಿಲ್ಲ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಇರುತ್ತದಲ್ಲ, ಅದು ಒಂದೆರಡು ದಿನ ಹಸಿರಾಗಿದ್ದು, ಆಮೇಲೆ ಬಣ್ಣಗೆಟ್ಟು, ತೊಟ್ಟು ಕಳಚಿ ಮಣ್ಣಿಗೆ ಬೀಳುತ್ತಿತ್ತು.

ಜೇನುಹುಳಗಳು ಇಲ್ಲವಾಗಿ ಆಗಲೇ ಒಂದು ತಲೆಮಾರು ಕಳೆದಿತ್ತು. ಅವುಗಳ ಕೆಲಸವನ್ನು ಈಗ ಗುಂಗಿಗಳು ಮಾಡುತ್ತಿದ್ದವು. ಸರಕಾರಿ ಕಾಗದಗಳಲ್ಲಿ ಅವಕ್ಕೆ 'ಸ್ವಯಂಚಾಲಿತ ಪರಾಗವಾಹಕ' ಎಂಬ ಘನವಾದ ಹೆಸರಿತ್ತು. ಆದರೆ ಗುಂಗಿಹುಳದ ಹಾಗೆಯೇ ಸದ್ದು ಮಾಡುತ್ತ ಹಾರುವ, ಕಡಲೆಕಾಳಿನಷ್ಟು ದೊಡ್ಡ ಯಂತ್ರವನ್ನು ಜನ ಬೇರೆ ಏನೆಂದು ಕರೆದಾರು? ಹೊಟ್ಟೆಯ ಕೆಳಗೆ ಒಂದು ಕುಂಚ, ತಲೆಯಲ್ಲಿ ಒಂದು ಕಣ್ಣು, ಬೆನ್ನ ಮೇಲೆ ಬಿಸಿಲು ಕುಡಿಯುವ ತಗಡು. ಗಂಡು ಹೂವಿನಲ್ಲಿ ಹೊರಳಾಡಿ ಪರಾಗ ಮೆತ್ತಿಕೊಳ್ಳುವುದು, ಹೆಣ್ಣು ಹೂವಿಗೆ ಹೋಗಿ ಅದನ್ನು ಒರೆಸುವುದು, ಇಷ್ಟೇ ಅವುಗಳ ಉದ್ಯೋಗ. ಸಂಬಳವಿಲ್ಲ, ರಜೆಯಿಲ್ಲ, ಕಚ್ಚುವುದೂ ಇಲ್ಲ. ಹೊಸದರಲ್ಲಿ ಜನರಿಗೆ ಇದು ಬಹಳ ಹಿಡಿಸಿತ್ತು.

ಉತ್ತರದ ಜಿಲ್ಲೆಗಳ ಗುಂಗಿಗಳನ್ನೆಲ್ಲ ಆಡಿಸುವ ಪರಾಗ ಕೇಂದ್ರ ಗದಗಿನ ಊರ ಹೊರಗಿತ್ತು. ಒಳಗೆ ಗೋಡೆಯ ತುಂಬ ಒಂದು ನಕಾಶೆ. ಗುಂಗಿಗಳು ಭೇಟಿ ಕೊಟ್ಟ ಹೊಲ ಹಸಿರು, ಕೊಡದ ಹೊಲ ಕೆಂಪು. ಆ ದಿನಗಳಲ್ಲಿ ನಕಾಶೆ ಬೆಳಗಿನಿಂದಲೇ ಹಸಿರಾಗಿರುತ್ತಿತ್ತು, ಮತ್ತು ಫೋನು ಬೆಳಗಿನಿಂದಲೇ ಬಡಿದುಕೊಳ್ಳುತ್ತಿತ್ತು.

"ಸಾಹೇಬರ, ನಿಮ್ಮ ಗುಂಗಿಗೆ ಏನ್ ಧಾಡಿ ಬಂದೈತಿ?" ಎಂದು ಮುಂಡರಗಿ ಕಡೆಯ ದ್ಯಾಮವ್ವ ಹಡಪದ ಕೇಳಿದಳು. ಅವಳದು ಕುಂಬಳದ ದೊಡ್ಡ ಹೊಲ. "ಗೊಬ್ಬರ ಭಾಳ ಆಗಿ ಬರೇ ಎಲಿ ಬೆಳ್ಯಾಕತ್ತೈತಿ ಅಂದ್ರಿ, ಗೊಬ್ಬರ ನಿಲ್ಲಿಸಿದೆ. ನೀರು ಹದಾ ನೋಡ್ರಿ ಅಂದ್ರಿ, ನೋಡಿದೆ. ಬಿಸಲಿಗೆ ಪರಾಗ ಸುಡತೈತಿ ಅಂದ್ರಿ, ಈ ವರ್ಷ ಮೋಡನ ಸರದಿಲ್ಲ. ಮೊದಲ ಗಂಡು ಹೂ ಬರತಾವು, ಹೆಣ್ಣು ಹೂ ತಡಾ ಆಗಿ ಬರತಾವು, ತಾಳ್ರಿ ಅಂದ್ರಿ, ತಾಳಿದೆ. ಹೆಣ್ಣು ಹೂ ಬಂದು ಉದುರಾಕತ್ತಾವು. ಇನ್ನ ಏನ್ ಮಾಡ್ಲಿ, ಬಳ್ಳಿಗೆ ಉಡಿ ತುಂಬ್ಲ್ಯಾ?"

ಫೋನು ಹಿಡಿದಿದ್ದವನು ಮೈಲಾರಪ್ಪ ಕಡೇಮನಿ, ಕೇಂದ್ರದ ನಿಯಮ ವಿಭಾಗದ ಮುಖ್ಯಸ್ಥ. ಗುಂಗಿಗಳು ಎಲ್ಲಿಗೆ ಹೋಗಬೇಕು, ಯಾವ ಹೂವನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂದು ಬರೆದು ಅವುಗಳ ತಲೆಗೆ ತುಂಬುವುದು ಅವನ ಕೆಲಸ. ತಾನು ಬರೆದ ನಿಯಮಗಳ ಮೇಲೆ ಅವನಿಗೆ ಅಭಿಮಾನವಿತ್ತು. ಇರಬಾರದೆಂದೇನೂ ಇಲ್ಲ.

"ನಕಾಶೆ ಪೂರಾ ಹಸರ ಐತಲ್ರಿ ಯವ್ವಾ," ಎಂದ.

"ನಿಮ್ಮ ನಕಾಶೆ ಪಲ್ಯಾ ಮಾಡಿ ತಿನ್ಲ್ಯಾ?" ಎಂದು ದ್ಯಾಮವ್ವ ಫೋನು ಇಟ್ಟಳು.

ಪಕ್ಕದ ಮೇಜಿನಲ್ಲಿ ಕೂತಿದ್ದ ಮೆಹರೂನಿಸಾ ನದಾಫ್ ನಗು ತಡೆದುಕೊಂಡಳು. ಅವಳು ಕೇಂದ್ರಕ್ಕೆ ಹೊಸಬಳು. ಗುಂಗಿಗಳು ದಿನವೂ ಕಳಿಸುವ ವರದಿಗಳನ್ನು ಓದುವುದು ಅವಳ ಪಾಲಿಗೆ ಬಂದಿತ್ತು. ಕುಂಬಳದ ಹೆಣ್ಣು ಹೂ ಒಂದೇ ಒಂದು ಮುಂಜಾನೆ ಅರಳಿ, ಬಿಸಿಲೇರುವುದರೊಳಗೆ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಪರಾಗ ಸಿಗದಿದ್ದರೆ ಅದರ ಕಥೆ ಮುಗಿಯಿತು ಎಂದು ಅವಳು ಓದಿಕೊಂಡಿದ್ದಳು. ಹಬ್ಬಗಳ ಹೊತ್ತಿಗೆ ಕುಂಬಳ ಬೇಕು, ಹೂವಿನ ಕಾಲ ಆಗಲೇ ಅರ್ಧ ಮುಗಿದಿತ್ತು.

"ಸರ್, ಇಲ್ಲೆ ಕುಂತ್ರ ತಿಳಿಯೂದಿಲ್ಲ. ಹೊಲಕ್ಕ ಹೋಗೂಣು," ಎಂದಳು.

"ನಾಳೆ ಹೋಗೂಣು," ಎಂದ ಮೈಲಾರಪ್ಪ. ಆ ದಿನ ಅವನ ತಲೆಯಲ್ಲಿ ಬೇರೊಂದು ವಿಷಯವಿತ್ತು.

ಅದು ಬೆಟಗೇರಿಯ ಅವನ ಮನೆಯಲ್ಲಿ ಕಾದು ಕೂತಿತ್ತು. ಒಬ್ಬಳೇ ಮಗಳು ಕಸ್ತೂರಿ ಆಸ್ಪತ್ರೆಯೊಂದರ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ನರೇಗಲ್ಲಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಪರಶುರಾಮ ಎಂಬವನನ್ನು ಮದುವೆಯಾಗುವುದಾಗಿ ಆಕೆ ಹೇಳಿ ಒಂದು ಮಳೆಗಾಲವೇ ಕಳೆದಿತ್ತು. ಹುಡುಗನ ಓದು ಸರಿ, ನೌಕರಿ ಸರಿ, ಜಾತಿಯೂ ಒಂದೇ. ತೊಂದರೆ ಬೆಡಗಿನದು. ಒಂದೇ ಮೂಲಪುರುಷನಿಂದ ಬಂದವರೆಂದು ನಂಬಿರುವ ಮನೆತನಗಳದೆಲ್ಲ ಒಂದು ಬೆಡಗು. ಊರು ಬೇರೆಯಿರಲಿ, ಮುಖ ನೋಡಿರದೇ ಇರಲಿ, ಒಂದೇ ಬೆಡಗಿನ ಗಂಡು ಹೆಣ್ಣು ಅಣ್ಣ ತಂಗಿಯರ ಲೆಕ್ಕ. ಅವರಲ್ಲಿ ಕೊಟ್ಟು ತರುವುದಿಲ್ಲ. ಕಡೇಮನಿಯವರು ಬೇವಿನ ಬೆಡಗಿನವರು. ಪರಶುರಾಮನ ಮನೆಯವರೂ ಬೇವಿನ ಬೆಡಗಿನವರೇ.

"ಅಪ್ಪಾ, ನಾ ನನ್ನ ರಕ್ತಾನೂ ಅವನ ರಕ್ತಾನೂ ತಪಾಸ ಮಾಡೀನಿ," ಎಂದಳು ಕಸ್ತೂರಿ ಊಟದ ಹೊತ್ತಿನಲ್ಲಿ. "ಬಸ್ ಸ್ಟ್ಯಾಂಡಿನ್ಯಾಗ ನಿಂತ ಯಾವ ಇಬ್ಬರನ್ನ ಹಿಡದು ನೋಡಿದ್ರೂ ನಮ್ಮಷ್ಟ ಸಂಬಂಧ ಇರತೈತಿ. ಅದಕ್ಕಿಂತ ಒಂದು ಕೂದಲೆಳಿ ಹೆಚ್ಚಿಲ್ಲ."

"ಇದು ರಕ್ತದ ಮಾತಲ್ಲ."

"ಮತ್ತ ಯಾತರ ಮಾತು?"

ಮೈಲಾರಪ್ಪ ರೊಟ್ಟಿ ಮುರಿದ. ಆಮೇಲೆ ನಿಜವನ್ನೇ ಹೇಳಿದ. "ಬರಮಪ್ಪಜ್ಜ ಕೇಳ್ತಾನ. ಮಂದಿ ಮುಂದ ಕೇಳ್ತಾನ. ನಾ ಏನಂತ ಹೇಳ್ಲಿ?"

ಬರಮಪ್ಪಜ್ಜ ಅವರ ಪೈಕಿಯ ಹಿರಿಯ. ಯಾರ ಮನೆಯ ನಿಶ್ಚಯಕಾರ್ಯವಿದ್ದರೂ ಆತ ಬರಬೇಕು, ಎಲೆ ಅಡಿಕೆ ಹಿಡಿಯುವ ಮೊದಲು ಎದ್ದು ನಿಂತು ಗಂಡಿನ ಬೆಡಗು ಯಾವುದು, ಹೆಣ್ಣಿನ ಬೆಡಗು ಯಾವುದು ಎಂದು ಎಲ್ಲರಿಗೂ ಕೇಳುವಂತೆ ಕೇಳಬೇಕು. ಎರಡೂ ಕಡೆಯ ತಂದೆಯರು ಉತ್ತರ ಕೊಡಬೇಕು. ಎರಡು ಬೇರೆ ಹೆಸರು ಬಿದ್ದರೆ ಕಾರ್ಯ ಮುಂದುವರಿಯುತ್ತಿತ್ತು. ಒಂದೇ ಹೆಸರು ಎರಡು ಸಲ ಬಿದ್ದದ್ದನ್ನು ಮೈಲಾರಪ್ಪ ತನ್ನ ಜನ್ಮದಲ್ಲಿ ಕೇಳಿರಲಿಲ್ಲ.

"ಸೀಗಿ ಹುಣ್ಣಿವಿ ಆದ ಮ್ಯಾಲೆ ನಾವು ರಿಜಿಸ್ಟರ್ ಆಫೀಸಿಗೆ ಹೋಗವ್ರು," ಎಂದಳು ಕಸ್ತೂರಿ. ಸಿಟ್ಟಿಲ್ಲದೆ ಹೇಳಿದಳು. "ಅಲ್ಲೆ ಯಾರೂ ಬೆಡಗು ಕೇಳೂದಿಲ್ಲ. ನೀ ಬಂದ್ರ ಛೊಲೋ. ಬರಲಿಲ್ಲಂದ್ರ, ಆಮೇಲೆ ನಾನೂ ಈ ಮನಿಗೆ ಬರೂದಿಲ್ಲ."

ಅವಳು ಹೇಳಿದಂತೆ ನಡೆಯುವವಳು ಎಂದು ಮೈಲಾರಪ್ಪನಿಗೆ ಗೊತ್ತಿತ್ತು, ಏಕೆಂದರೆ ಅವಳು ಅವನದೇ ಮಗಳು. ಹೆಂಡತಿ ನೀಲವ್ವ ಇಬ್ಬರ ತಾಟಿಗೂ ಸಾರು ಬಡಿಸಿದಳು.

ಮರುದಿನ ನಸುಕಿನಲ್ಲಿ ಮೈಲಾರಪ್ಪ ಮತ್ತು ಮೆಹರೂನಿಸಾ ದ್ಯಾಮವ್ವನ ಹೊಲದ ಬದುವಿನ ಮೇಲೆ ಕೂತಿದ್ದರು. ಹೂಗಳು ಆಗಷ್ಟೇ ಬಿಚ್ಚಿಕೊಳ್ಳುತ್ತಿದ್ದವು. ಉದ್ದನೆಯ ಸಣ್ಣ ತೊಟ್ಟಿನ ಮೇಲೆ ನಿಂತವು ಗಂಡು, ಗಿಡ್ಡ ತೊಟ್ಟಿನಲ್ಲಿ ಹೀಚು ಹೊತ್ತು ಬಳ್ಳಿಗೆ ಅಂಟಿಕೊಂಡವು ಹೆಣ್ಣು. ಬೆಳಕು ಹರಿಯುತ್ತಿದ್ದಂತೆ ಗುಂಗಿಗಳು ಬಂದವು. ಗಂಡು ಹೂವಿಗೆ ಇಳಿದು, ಮೈತುಂಬ ಹಳದಿ ಪುಡಿ ಬಳಿದುಕೊಂಡು ಎದ್ದವು. ಅಲ್ಲಿಂದ ಹೆಣ್ಣು ಹೂವಿನ ಕಡೆಗೆ ಹಾರಿದವು. ಅದರ ಮುಖದ ಮುಂದೆ ಗೇಣಿನ ದೂರದಲ್ಲಿ ನಿಂತವು. ನೋಡಿದವು. ತಿರುಗಿ ಹೋದವು.

ಇನ್ನೊಂದು ಬಂತು, ನಿಂತಿತು, ತಿರುಗಿ ಹೋಯಿತು. ಮತ್ತೊಂದು ಬಂತು, ಅದೂ ಹಾಗೆಯೇ ಹೋಯಿತು.

"ಹೆಣ್ಣು ನೋಡಾಕ ಬಂದಂಗ ಬರತಾವ್ರಿ," ಎಂದಳು ದ್ಯಾಮವ್ವ, ಸೊಂಟದ ಮೇಲೆ ಕೈಯಿಟ್ಟು. "ನೋಡತಾವು, ಊರಿಗೆ ಹೋಗಿ ಹೇಳಿ ಕಳಸತೀವಿ ಅಂತಾವು, ಹೋಕ್ಕಾವು. ಈ ಹೊಲದಾಗಿನ ಒಂದು ಕೂಸೂ ಅವಕ್ಕ ಒಪ್ಪಿಗಿ ಇಲ್ಲ."

ಮೆಹರೂನಿಸಾ ಬಲೆಯಿಂದ ಒಂದು ಗುಂಗಿ ಹಿಡಿದು, ತನ್ನ ಕೈಯಲ್ಲಿದ್ದ ಯಂತ್ರಕ್ಕೆ ಅದರ ತಲೆ ಜೋಡಿಸಿ ಓದಿದಳು. ಕೇಂದ್ರಕ್ಕೆ ಬರುವ ವರದಿಯಲ್ಲಿ 'ಭೇಟಿ ಆಯಿತು' ಎಂಬಷ್ಟೇ ಇರುತ್ತಿತ್ತು. ಗುಂಗಿಯ ತಲೆಯೊಳಗೆ ಅದರ ಮುಂದಿನ ಎರಡು ಸಾಲೂ ಇದ್ದವು. ಸ್ಪರ್ಶ: ಇಲ್ಲ. ಕಾರಣ: ಒಂದೇ ಮೂಲ.

ಮೈಲಾರಪ್ಪ ಅದನ್ನು ನೋಡಿದ. ಅವನಿಗೆ ಓದುವ ಅಗತ್ಯವೇ ಇರಲಿಲ್ಲ; ಆ ಎರಡು ಸಾಲು ಅವನವೇ.

ಗುಂಗಿಗಳು ಬಂದ ಹೊಸದರಲ್ಲಿ ಸೂರ್ಯಕಾಂತಿ ಕೈಕೊಟ್ಟಿತ್ತು. ತೆನೆ ದೊಡ್ಡದು, ಒಳಗೆಲ್ಲ ಜೊಳ್ಳು. ಗುಂಗಿಗಳು ಸಹಜವಾಗಿ ಹತ್ತಿರದ ಹೂವಿನಿಂದ ಹತ್ತಿರದ ಹೂವಿಗೆ ಪರಾಗ ಸಾಗಿಸುತ್ತಿದ್ದವು. ಹತ್ತಿರದವೆಲ್ಲ ಒಂದೇ ತಾಯಿಯ ಬೀಜದವು. ಸೂರ್ಯಕಾಂತಿಗೆ ತನ್ನವರ ಪರಾಗ ಆಗಿಬರುವುದಿಲ್ಲ. ಕಾರಣ ಹುಡುಕಿದವನು ಮೈಲಾರಪ್ಪನೇ. ಪ್ರತಿ ಹೊಲದಲ್ಲಿ ಬಿತ್ತಿದ ಬೀಜದ ಮೂಲ ಯಾವುದೆಂದು ಗುಂಗಿಗಳಿಗೆ ತಿಳಿಸಿ, ಒಂದೇ ಮೂಲದ ಗಂಡು ಹೆಣ್ಣು ಹೂಗಳನ್ನು ಕೂಡಿಸಬಾರದು ಎಂಬ ನಿಯಮ ಬರೆದ. ಅದನ್ನು ಬೆಂಗಳೂರಿನ ಸಮಿತಿಯ ಮುಂದೆ ವಿವರಿಸುವಾಗ ಅಂಕಿಸಂಖ್ಯೆಗಳ ಕಟ್ಟು ಬಿಚ್ಚಿದ್ದ. ಯಾರಿಗೂ ತಿಳಿಯಲಿಲ್ಲ. ಕೊನೆಗೆ, "ನಮ್ಮಲ್ಲಿ ಒಂದೇ ಬೆಡಗಿನವರಲ್ಲಿ ಕೊಟ್ಟು ತರೋದಿಲ್ಲವಲ್ಲ ಸರ್, ಹಂಗ," ಎಂದುಬಿಟ್ಟ.

ಸಭೆಯ ಮುಖಗಳೆಲ್ಲ ಒಮ್ಮೆಗೇ ಬೆಳಗಿದವು. ಅಲ್ಲಿದ್ದ ಒಬ್ಬರಿಗೆ ಅದು ಗೋತ್ರ, ಒಬ್ಬರಿಗೆ ಬಳಿ, ಒಬ್ಬರಿಗೆ ಬೆಡಗು. ಆದರೆ ಪ್ರತಿಯೊಬ್ಬರ ಮನೆಯಲ್ಲೂ ಆ ಕಾರಣಕ್ಕೆ ತಪ್ಪಿಹೋದ ಒಂದಾದರೂ ಸಂಬಂಧವಿತ್ತು. ನಿಯಮ ಯಾವ ಬೆಳೆಗೆ ಬೇಕು, ಯಾವುದಕ್ಕೆ ಬೇಡ ಎಂದು ಒಬ್ಬರಾದರೂ ಕೇಳಬೇಕಿತ್ತು. ಬೇರೆ ದೇಶದವರು ಕೂತಿದ್ದರೆ ಬಹುಶಃ ಕೇಳುತ್ತಿದ್ದರು. ಇಲ್ಲಿ ಅದು ಕೇಳುವಂಥ ಮಾತೇ ಆಗಿರಲಿಲ್ಲ. ಎಲ್ಲ ಬೆಳೆಗೂ ಅನ್ವಯಿಸಲಿ ಎಂದು ಸಮಿತಿ ಸಂತೋಷದಿಂದ ಒಪ್ಪಿತು, ಚಹಾ ಬಂತು.

ಕುಂಬಳದ ಸ್ವಭಾವವೇ ಬೇರೆ. ಅದಕ್ಕೆ ತನ್ನವರು ಪರರು ಎಂಬ ಭೇದವಿಲ್ಲ. ಪಕ್ಕದ ಬಳ್ಳಿಯ ಪರಾಗ ಬಂದರೂ ಕಾಯಿ ಕಟ್ಟುತ್ತದೆ, ತನ್ನದೇ ಬಳ್ಳಿಯ ಗಂಡು ಹೂವಿನದು ಬಂದರೂ ಕಾಯಿ ಕಟ್ಟುತ್ತದೆ, ಆ ಕಾಯಿಯ ಬೀಜವೂ ಗಟ್ಟಿಯಾಗಿಯೇ ಇರುತ್ತದೆ. ಇಷ್ಟು ವರ್ಷ ಒಬ್ಬೊಬ್ಬರು ಒಂದೊಂದು ಮನೆಯ ಬೀಜ ಬಿತ್ತುತ್ತಿದ್ದುದರಿಂದ ಗುಂಗಿಗಳಿಗೆ ಹೇಗೋ ಬೇರೆ ಮೂಲದ ಸಂಬಂಧ ಸಿಗುತ್ತಿತ್ತು. ಈ ವರ್ಷ ಬೀಜ ಮಂಡಳಿಯವರು ಬಹಳ ಒಳ್ಳೆಯದೆಂದು ಒಂದೇ ತಾಯಿ ಕಾಯಿಯ ಸಂತತಿಯನ್ನು ಸೀಮೆಗೆಲ್ಲ ಹಂಚಿದ್ದರು. ಸೀಮೆಯ ಕುಂಬಳವೆಲ್ಲ ಒಂದೇ ಬೆಡಗಾಗಿತ್ತು. ಗುಂಗಿಗಳು ಹೇಳಿಕೊಟ್ಟಷ್ಟನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವು.

ನಿಯಮ ಬದಲಿಸುವ ಅಧಿಕಾರ ಸಮಿತಿಗೆ ಮಾತ್ರ ಇತ್ತು, ಸಮಿತಿ ಸೇರುವುದು ವರ್ಷದ ಕೊನೆಗೆ; ನಡುವೆ ತುರ್ತು ಸಭೆ ಕರೆಸಬೇಕೆಂದರೆ ತನ್ನ ತಪ್ಪನ್ನು ಮೊದಲು ಒಪ್ಪಬೇಕಿತ್ತು. ಕೇಂದ್ರಕ್ಕೆ ವಾಪಸು ಬರುವ ದಾರಿಯುದ್ದಕ್ಕೂ ಮೈಲಾರಪ್ಪ ಗಾಡಿಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಗದಗ ಹತ್ತಿರ ಬಂದಾಗ ಒಮ್ಮೆಗೇ ತೊಡೆ ತಟ್ಟಿಕೊಂಡ.

"ದತ್ತಕ ಕೊಡೂಣು."

"ಯಾರನ್ನ ಸರ್?"

"ಬಳ್ಳಿನ."

ಅವನ ಅಜ್ಜಿಯ ಕಾಲದಲ್ಲಿ ಹಾಗೆ ನಡೆಯುತ್ತಿತ್ತಂತೆ. ಒಂದೇ ಬೆಡಗಿನ ಹುಡುಗ ಹುಡುಗಿ ಹಟಕ್ಕೆ ಬಿದ್ದರೆ, ಹುಡುಗಿಯನ್ನು ಸೋದರಮಾವನಿಗೆ ದತ್ತಕ ಕೊಟ್ಟುಬಿಡುವುದು. ಮಾವನ ಬೆಡಗು ಬೇರೆ, ಹಾಗಾಗಿ ಹುಡುಗಿಯ ಬೆಡಗೂ ಬೇರೆಯಾಯಿತು. ಕೇಳುವವರು ಕೇಳಿದರು, ಹೇಳುವವರು ಹೇಳಿದರು, ಎಲ್ಲರೂ ಉಂಡು ಹೋದರು. ಹೊಲದ ಬೀಜದ ಮೂಲವನ್ನು ರೈತರು ತಪ್ಪು ಹೇಳಿದ್ದರೆ ತಿದ್ದುವ ಅಧಿಕಾರ ಮೈಲಾರಪ್ಪನಿಗಿತ್ತು. ಪ್ರತಿ ಹೊಲದಲ್ಲೂ ಒಂದು ಸಾಲು ಬಿಟ್ಟು ಒಂದು ಸಾಲಿನ ಬಳ್ಳಿಗಳ ಮೂಲ ಬಾಗಲಕೋಟೆಯ ಹಳೆಯ ತಳಿ ಎಂದು ತಿದ್ದಿದರೆ ಮುಗಿಯಿತು.

"ಅದು ಸುಳ್ಳ ಆಗತೈತಲ್ಲ ಸರ್?" ಎಂದಳು ಮೆಹರೂನಿಸಾ.

"ಸುಳ್ಳಲ್ಲ ತಂಗಿ, ಅನುಕೂಲ."

ಅಂದು ಸಂಜೆಯೊಳಗೆ ಸೀಮೆಯ ಅರ್ಧ ಕುಂಬಳ ಬಾಗಲಕೋಟೆಗೆ ದತ್ತಕ ಹೋಯಿತು. ಮರುದಿನ ಬೆಳಗ್ಗೆ ಗುಂಗಿಗಳು ಬಂದವು, ಹೆಣ್ಣು ಹೂವಿನ ಮುಂದೆ ನಿಂತವು, ನೋಡಿದವು, ಒಳಗೆ ಇಳಿದವು. ಒಂದು ವಾರದಲ್ಲಿ ದ್ಯಾಮವ್ವನ ಹೊಲದ ಹೀಚುಗಳು ಉದುರದೆ ಲಿಂಬೆಯಷ್ಟಾದವು. ಅವಳು ಫೋನು ಮಾಡಿ, "ಸಾಹೇಬರ, ನಿಮ್ಮ ಗುಂಗಿ ಒಪ್ಪಿಗಿ ಕೊಟ್ಟಾವು ನೋಡ್ರಿ," ಎಂದು ನಕ್ಕಳು. ಮೈಲಾರಪ್ಪನಿಗೆ ಆ ದಿನ ಆದಷ್ಟು ಸಂತೋಷ ಬಡ್ತಿ ಬಂದಾಗಲೂ ಆಗಿರಲಿಲ್ಲ.

ಮಗಳ ವಿಷಯದಲ್ಲಿ ಇಷ್ಟು ದಿನ ಹೊಳೆಯದ ಉಪಾಯ ಕುಂಬಳದ ವಿಷಯದಲ್ಲಿ ಹೊಳೆದಿತ್ತು. ಇನ್ನು ಅದನ್ನು ಮನೆಗೆ ಒಯ್ಯುವುದಷ್ಟೇ ಬಾಕಿ. ಬರುವಾಗ ಪೇಟೆಯಿಂದ ಪೇಡೆಯ ಪೊಟ್ಟಣ ಕಟ್ಟಿಸಿಕೊಂಡು ಬಂದ. ಹೆಂಡತಿ ಮಗಳನ್ನು ಕೂಡಿಸಿಕೊಂಡು ಕುಂಬಳದ ಕಥೆಯನ್ನು ಮೊದಲಿನಿಂದ ಹೇಳಿದ. ಕಸ್ತೂರಿ ನಕ್ಕಳು, ನೀಲವ್ವನೂ ನಕ್ಕಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಮೂವರೂ ಕೂಡಿ ನಕ್ಕಿದ್ದರು.

"ಹಂಗ ನೋಡಿದ್ರ," ಎಂದ ಮೈಲಾರಪ್ಪ, "ಗಜೇಂದ್ರಗಡದ ಮಲ್ಲೇಶಿ ಅದಾನಲ್ಲ. ನಿಮ್ಮವ್ವನ ತಮ್ಮ. ಅವಗೂ ಹೆಣ್ಣಮಕ್ಕಳಿಲ್ಲ. ಒಂದು ಕಾಗದಾ, ಒಂದು ಸಣ್ಣ ಪೂಜಿ. ಬರಮಪ್ಪಜ್ಜ ಕೇಳ್ತಾನ, ಮಲ್ಲೇಶಿ ತನ್ನ ಬೆಡಗು ಹೇಳ್ತಾನ. ಮುಗೀತು. ಆ ಪರಶುರಾಮನ್ನ ಮದಿವಿ ಆಗವ್ವಾ, ನಂದೇನ ತಕರಾರಿಲ್ಲ."

ಕಸ್ತೂರಿಯ ನಗು ನಿಂತಿತು. ಅವಳು ಪೇಡೆಯನ್ನು ಪೊಟ್ಟಣದೊಳಗೆ ವಾಪಸು ಇಟ್ಟಳು.

"ಲಗ್ನಪತ್ರದಾಗ ಯಾರ ಮಗಳು ಅಂತ ಹಾಕಸ್ತೀರಿ?"

"ಕಾಗದದ ಮಾತು ಅದು. ಮಲ್ಲೇಶಿದು ಹಾಕಸೂದು."

"ಧಾರಿ ಯಾರು ಎರಿಯವ್ರು?"

"ಮಲ್ಲೇಶಿನ."

"ನೀ ಎಲ್ಲಿ ಕುಂದರತಿ ಅಪ್ಪಾ?"

ಮೈಲಾರಪ್ಪ ಅದನ್ನು ಯೋಚಿಸಿರಲಿಲ್ಲ. ಎಲ್ಲವನ್ನೂ ಯೋಚಿಸಿದ್ದ, ಬೀಗರಿಗೆ ಏನು ಹೇಳುವುದು, ಮಲ್ಲೇಶಿಗೆ ಯಾವ ಪಂಚೆ ತರುವುದು ಎಂಬುದನ್ನೂ ಯೋಚಿಸಿದ್ದ. ಇದೊಂದು ಬಿಟ್ಟುಹೋಗಿತ್ತು.

"ಮುಂದಿನ ಸಾಲಿನ್ಯಾಗ ಕುಂದರತೀನಿ," ಎಂದ.

"ಅದು ಬಂದವರು ಕುಂದರೂ ಸಾಲು," ಎಂದಳು ಕಸ್ತೂರಿ. "ಕುಂಬಳಕ್ಕ ತನ್ನ ಅಪ್ಪ ಯಾರು ಅಂತ ಗೊತ್ತಿಲ್ಲ, ಅದಕ್ಕ ಅದು ಸುಮ್ನ ದತ್ತಕ ಹೋತು. ನನಗ ಗೊತ್ತೈತಿ. ನಾ ಕಸ್ತೂರಿ ಮೈಲಾರಪ್ಪ ಕಡೇಮನಿ ಅಂತನ ಸಹಿ ಮಾಡಾಕಿ. ನೀ ಬಾ, ಬರಬ್ಯಾಡ."

ಅವಳು ಎದ್ದು ಒಳಗೆ ಹೋದ ಮೇಲೆ ನೀಲವ್ವ ಬಾಯಿ ಬಿಟ್ಟಳು. "ಒಂದು ಮಾತು ಆಡೂದು ತಪ್ಪಸಾಕ, ಹೊಟ್ಟೀಲೆ ಹುಟ್ಟಿದ ಮಗಳನ್ನ ನನ್ನ ತಮ್ಮಗ ಕೊಡಾಕ ಹೊಂಟೀರೇನ್ರಿ?"

ಮೈಲಾರಪ್ಪ ಪೇಡೆಯ ಪೊಟ್ಟಣಕ್ಕೆ ಮತ್ತೆ ದಾರ ಸುತ್ತಿದ. ಅವನಿಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಹುಡುಕಿದರೆ ಸರಿಯಾದವರು ಸಿಗಲಿಲ್ಲ.

ಸಮಾಧಾನಕ್ಕೆಂದು ಬೆಳಗ್ಗೆ ಬೇಗ ಕೇಂದ್ರಕ್ಕೆ ಹೋದರೆ ಅಲ್ಲಿ ಮೆಹರೂನಿಸಾ ಅವನಿಗಿಂತ ಮೊದಲೇ ಬಂದಿದ್ದಳು. ಪರದೆಯ ಮೇಲೆ ಒಂದು ವಂಶವೃಕ್ಷ ಬಿಡಿಸಿಟ್ಟಿದ್ದಳು. ಮನುಷ್ಯರದಲ್ಲ, ಕುಂಬಳದ್ದು.

"ಸರ್, ಈ ಕಾಯಿ ಹಣ್ಣಾದ ಮ್ಯಾಲೆ ಬೀಜ ಮಂಡಳಿಯವರು ಬೀಜಾ ಒಯ್ತಾರು. ಈ ಬೀಜದ ಅಪ್ಪ ಬಾಗಲಕೋಟಿ ಅಂತ ನಾವು ಬರದೀವಿ. ಮುಂದಿನ ವರ್ಷ ಖರೇನ ಬಾಗಲಕೋಟಿ ತಳಿ ಪಕ್ಕದಾಗ ಇದ್ರ ಗುಂಗಿ ಅದನ್ನ ಸಂಬಂಧಿಕರು ಅಂತ ಬಿಡತಾವು. ಸಂಬಂಧ ಇದ್ದದ್ದನ್ನ ಹಿಡೀತಾವು. ಕುಂಬಳಕ್ಕೇನೋ ನಡೀತೈತಿ. ಆದ್ರ ಇದ ರೂಢಿ ಸೂರ್ಯಕಾಂತಿಗೆ ಬಂದ್ರ? ಮತ್ತ ಜೊಳ್ಳು. ಈ ವರ್ಷ ಹಾಕಿದ ಸುಳ್ಳು ಬೀಜದ ಬೆನ್ನ ಹತ್ತಿ ಹೋಗತೈತಿ ಸರ್. ನಾಕು ವರ್ಷ ಆದ್ರ ಯಾವುದು ಯಾರ ಮಗಳು ಅಂತ ನಮಗೂ ಗೊತ್ತಾಗೂದಿಲ್ಲ."

ಮೈಲಾರಪ್ಪ ಕುರ್ಚಿ ಎಳೆದುಕೊಂಡು ಕೂತ. ಕೊನೆಯ ಮಾತನ್ನು ಆ ಹುಡುಗಿ ಕುಂಬಳದ ಬಗ್ಗೆಯೇ ಹೇಳಿದ್ದಳು; ಅವನ ಮನೆಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ.

"ತಿದ್ದಿದ್ದನ್ನ ಮೊದಲಿನಂಗ ಮಾಡಿದ್ರ?"

"ಗುಂಗಿ ಮತ್ತ ತಿರಗಿ ಹೋಕ್ಕಾವು. ಇನ್ನ ಭಾಳ ಹೂ ಅರಳೂದೈತಿ."

"ಅಂದ್ರ ನಿಯಮಾನ ತಗೀಬೇಕು."

"ಹೌದ್ರಿ ಸರ್."

ಅವನು ಬೆಂಗಳೂರಿಗೆ ತುರ್ತು ಸಭೆ ಕೇಳಿದ. ಮರುದಿನವೇ ಸಮಿತಿಯವರ ಮುಖಗಳು ಗೋಡೆಯ ಪರದೆಯ ಮೇಲೆ ಸಾಲಾಗಿ ಕಾಣಿಸಿಕೊಂಡವು. ಸುಳ್ಳು ಮೂಲ ಹಾಕಿದ್ದನ್ನು ಮೈಲಾರಪ್ಪ ಮೊದಲು ಹೇಳಿದ, ಏಕೆ ಹಾಕಿದೆ ಎಂಬುದನ್ನು ಆಮೇಲೆ ಹೇಳಿದ, ಕುಂಬಳಕ್ಕೆ ಈ ನಿಯಮ ಎಂದೂ ಬೇಕಾಗಿರಲಿಲ್ಲ ಎಂಬುದನ್ನು ಕೊನೆಗೆ ಹೇಳಿದ. ಒಂದೇ ಬಳ್ಳಿಯ ಗಂಡು ಹೂ ಅದೇ ಬಳ್ಳಿಯ ಹೆಣ್ಣು ಹೂವಿಗೆ ನಡೆಯುತ್ತದೆ ಎಂದಾಗ ಲೆಕ್ಕಪತ್ರದ ಅಧಿಕಾರಿ ಮುಖ ಸಿಂಡರಿಸಿದರು. ತರಕಾರಿಯ ಮಟ್ಟಿಗೂ ಅದು ಅವರಿಗೆ ಸಹ್ಯವಾಗಲಿಲ್ಲ.

"ಅಲ್ರೀ ಕಡೇಮನಿಯವರೇ," ಎಂದರು ಆಯುಕ್ತರು, "ಬೇಕಾಗಿರಲಿಲ್ಲ ಅಂದ್ರೆ ಆವತ್ತು ಯಾಕೆ ಬರೆದ್ರಿ?"

"ಸೂರ್ಯಕಾಂತಿನ ನೋಡಿ ಬರೆದೆ ಸರ್. ಕುಂಬಳಾನ ನೋಡಲಿಲ್ಲ. ನೋಡೋ ಅವಶ್ಯಕತೆ ಐತಿ ಅಂತ ನನಗ ಅನಸಲಿಲ್ಲ. ನಮ್ಮ ಮನ್ಯಾಗ ನಡಕೊಂಡು ಬಂದದ್ದು ಜಗತ್ತಿಗೆಲ್ಲ ಖರೆ ಅಂದುಕೊಂಡಿದ್ದೆ."

ಆವತ್ತು ಚಹಾ ಕುಡಿದು ಒಪ್ಪಿಗೆ ಕೊಟ್ಟವರಲ್ಲಿ ಹೆಚ್ಚಿನವರು ಈಗಲೂ ಆ ಪರದೆಯ ಮೇಲೆ ಇದ್ದರು. ಕೊನೆಗೆ ಕುಂಬಳ, ಸೌತೆ, ಹೀರೆ, ಸೋರೆಗಳನ್ನು ನಿಯಮದಿಂದ ಬಿಡುವುದೆಂದು ತೀರ್ಮಾನವಾಯಿತು. ಉಳಿದ ಬೆಳೆಗಳನ್ನು ಒಂದೊಂದಾಗಿ ಪರೀಕ್ಷಿಸುವುದು, ಆ ಪರೀಕ್ಷೆಯನ್ನು ಮೆಹರೂನಿಸಾ ನದಾಫ್ ನೋಡಿಕೊಳ್ಳುವುದು. ಸುಳ್ಳು ಮೂಲ ಹಾಕಿದ್ದಕ್ಕೆ ಮೈಲಾರಪ್ಪನಿಂದ ತಿದ್ದುವ ಅಧಿಕಾರವನ್ನು ಕಿತ್ತುಕೊಂಡರು. ಅವನು ತಕರಾರು ಮಾಡಲಿಲ್ಲ. ಅಂದೇ ದತ್ತಕ ಹೋದ ಬಳ್ಳಿಗಳೆಲ್ಲ ತಮ್ಮ ತಮ್ಮ ಮನೆಗೆ ವಾಪಸು ಬಂದವು. ಗುಂಗಿಗಳು ಏನೂ ಆಗದವರ ಹಾಗೆ ಎಂದಿನಂತೆ ಕೆಲಸಕ್ಕೆ ಹೋದವು. ಯಂತ್ರಗಳಿಗೆ ಇದೊಂದು ಸೌಭಾಗ್ಯ, ಹಳೆಯ ನಿಯಮ ತೆಗೆದರೆ ಅವಕ್ಕೆ ಸಂಕಟವಾಗುವುದಿಲ್ಲ.

ಮೈಲಾರಪ್ಪನಿಗೆ ಆಯಿತು. ಎಷ್ಟೋ ದಿನ ಆಯಿತು. ಕಸ್ತೂರಿ ಮನೆಯಲ್ಲಿ ಓಡಾಡುತ್ತಿದ್ದಳು, ಮಾತಿಗೆ ಮಾತು ಕೊಡುತ್ತಿದ್ದಳು, ಆದರೆ ತನ್ನ ಪುಸ್ತಕಗಳನ್ನು ಒಂದೊಂದೇ ಪೆಟ್ಟಿಗೆಗೆ ತುಂಬುತ್ತಿದ್ದಳು. ಅವಳ ಕಪಾಟು ಖಾಲಿಯಾಗುವುದನ್ನು ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಸೀಗೆ ಹುಣ್ಣಿಮೆ ಹತ್ತಿರ ಬಂತು. ದ್ಯಾಮವ್ವ ಕಳಿಸಿದ ದೊಡ್ಡ ಕುಂಬಳವೊಂದು ಮನೆಗೆ ಬಂತು, ಅಡಿಗೆಮನೆಯ ಮೂಲೆಯಲ್ಲಿ ಕೂತಿತು. ಅದಕ್ಕೆ ಅಪ್ಪ ಅಮ್ಮ ಒಂದೇ ಬಳ್ಳಿಯವರು. ಬಣ್ಣ ಚೆನ್ನಾಗಿತ್ತು, ಬಡಿದರೆ ಗಟ್ಟಿ ಸದ್ದು ಬರುತ್ತಿತ್ತು.

"ಇದನ್ನ ಏನ್ ಮಾಡ್ಲಿ?" ಎಂದು ಕೇಳಿದಳು ನೀಲವ್ವ.

"ಗಾರಿಗಿ ಮಾಡು."

"ಇಷ್ಟ ದೊಡ್ಡದಕ್ಕ ಮಂದಿ ಎಲ್ಲಿ ಅದಾರ್ರಿ?"

"ಮಂದೀನ ಕರಿಯೂಣು," ಎಂದ ಮೈಲಾರಪ್ಪ. "ಪರಶುರಾಮನ ಮನಿಯವರಿಗೆ ಹೇಳಿ ಕಳಸು. ಬರಮಪ್ಪಜ್ಜಗೂ ಹೇಳು, ನಿಶ್ಚಯ ಐತಿ ಬಾ ಅಂತ."

ನೀಲವ್ವ ಗಂಡನ ಮುಖವನ್ನೇ ನೋಡಿದಳು. "ಅಂವ ಕೇಳ್ತಾನಲ್ರಿ."

"ಕೇಳಲಿ."

ಹುಣ್ಣಿಮೆಯ ಮರುದಿನ ಬೆಳಗ್ಗೆ ಬೆಟಗೇರಿಯ ಮನೆಯ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಕರೆದವರಲ್ಲಿ ಅರ್ಧ ಜನ ಬಂದಿರಲಿಲ್ಲ. ಬಂದವರಲ್ಲಿ ಅರ್ಧ ಜನ ಏನಾಗುವುದೋ ನೋಡೋಣ ಎಂದು ಬಂದವರು. ಪರಶುರಾಮನ ಮನೆಯವರು ಒಂದು ಕಡೆ ಮೈ ಮುದುಡಿಕೊಂಡು ಕೂತಿದ್ದರು. ಒಳಗಿನಿಂದ ಬೆಲ್ಲ ಏಲಕ್ಕಿ ಹಾಕಿ ಕರಿಯುತ್ತಿದ್ದ ಗಾರಿಗೆಯ ವಾಸನೆ ಬರುತ್ತಿತ್ತು. ಹಸಿರು ಸೀರೆ ಉಟ್ಟ ಕಸ್ತೂರಿ ತಲೆ ತಗ್ಗಿಸಿರಲಿಲ್ಲ. ಅವಳು ಅಪ್ಪನನ್ನೇ ನೋಡುತ್ತಿದ್ದಳು.

ಬರಮಪ್ಪಜ್ಜ ಕೋಲು ಊರಿ ಎದ್ದು ನಿಂತ. ತಲೆಗೆ ಸುತ್ತಿದ ಪಟಗ ಸರಿಮಾಡಿಕೊಂಡ.

"ಗಂಡಿನ ಬೆಡಗು ಯಾವುದು?"

"ಬೇವಿನವರು," ಎಂದ ಪರಶುರಾಮನ ತಂದೆ, ತನ್ನ ಕಾಲ ಬೆರಳು ನೋಡಿಕೊಳ್ಳುತ್ತ.

"ಹೆಣ್ಣಿನ ಬೆಡಗು ಯಾವುದು?"

"ಬೇವಿನವರು," ಎಂದ ಮೈಲಾರಪ್ಪ.

ಪಡಸಾಲೆಯಲ್ಲಿ ಗುಜುಗುಜು ಎದ್ದಿತು. ಹಿಂದಿನ ಸಾಲಿನ ಇಬ್ಬರು ಚಪ್ಪಲಿ ಹುಡುಕಿಕೊಂಡು ಹೊರಟೇಬಿಟ್ಟರು. ಬರಮಪ್ಪಜ್ಜ ಕೆಟ್ಟವನಲ್ಲ, ಮುಪ್ಪಿನ ಕಣ್ಣು ಕಿರಿದು ಮಾಡಿ ಮೈಲಾರಪ್ಪನನ್ನು ನೋಡಿ, ದಾರಿ ತೋರಿಸುವವನ ಹಾಗೆ ಮೆಲ್ಲಗೆ ಹೇಳಿದ.

"ಕಡೇಮನಿ, ನೆನಪ ಮಾಡಿಕೊಂಡು ಹೇಳಪಾ. ಕೂಸಿನ ಸೋದರಮಾವ ಇಲ್ಲೆ ಅದಾನ. ಅಂವ ಹೇಳಿದ್ರೂ ನಡೀತೈತಿ."

ಗಜೇಂದ್ರಗಡದ ಮಲ್ಲೇಶಿ ಗಂಟಲು ಸರಿಮಾಡಿಕೊಂಡ. ಮೈಲಾರಪ್ಪ ಅವನ ಭುಜದ ಮೇಲೆ ಕೈಯಿಟ್ಟು ಕೂಡಿಸಿದ.

"ನೆನಪೈತಿ ಅಜ್ಜಾ. ಬೇವಿನವರು. ಕೂಸು ನಂದು."

ಅಜ್ಜ ಬಹಳ ಹೊತ್ತು ಕೋಲಿನ ಮೇಲೆ ಗದ್ದ ಊರಿ ನಿಂತಿದ್ದ. ಆಮೇಲೆ ಸುತ್ತ ಕೂತವರ ಕಡೆ ತಿರುಗಿ, "ನಾ ಕೇಳೂದನ್ನ ಕೇಳೀನಿ. ಅಂವ ಹೇಳೂದನ್ನ ಹೇಳ್ಯಾನ. ಎಲಿ ಅಡಿಕಿ ತರ್ರಿ," ಎಂದ.

ಮೈಲಾರಪ್ಪ ಹೋಗಿ ಹೆಣ್ಣಿನ ತಂದೆ ಕೂರುವ ಜಾಗದಲ್ಲಿ ಕುಳಿತ.